ಎಳ್ಳುಬೆಲ್ಲ ಮಿಕ್ಸಿಗೆ ಹಾಕಿದ್ರೆ ಎನರ್ಜಿ ಬಾಲ್

ಇಂಟರ್ನಲ್ಸ್ ವಾರದಲ್ಲಿ ನಾವು ಏನೇನು ತಿಂತೀವಿ ಅಂತ ಯಾರಾದರೂ ಬರೆದಿಟ್ಟರೆ ಅದು ನಮ್ಮ ಲ್ಯಾಬ್ ರೆಕಾರ್ಡ್‌ಗಿಂತ ಕೆಟ್ಟದಾಗಿರುತ್ತೆ. ಬೆಳಿಗ್ಗೆ ಒಂದು ಟೀ, ಹನ್ನೊಂದಕ್ಕೆ ಇನ್ನೊಂದು ಟೀ ಜೊತೆಗೆ ಕ್ರೀಮ್ ಬಿಸ್ಕತ್ತು, ಮಧ್ಯಾಹ್ನ ಲ್ಯಾಬ್ ಇದ್ದರೆ ಅರ್ಧ ಊಟ, ರಾತ್ರಿ ಕಪ್ ನೂಡಲ್ಸ್. ಮಳವಳ್ಳಿ, ಮದ್ದೂರು ಕಡೆಯಿಂದ ದಿನಾ ಓಡಾಡೋ ನಮ್ಮ ಕ್ಲಾಸಿನವರ ಕತೆ ಇನ್ನೂ ಬೇರೆ. ಮೊದಲನೇ ಪೀರಿಯಡ್ ಹಿಡೀಬೇಕು ಅಂದ್ರೆ ಆರೂವರೆಗೇ ಮನೆ ಬಿಡಬೇಕು. ಅಷ್ಟೊತ್ತಿಗೆ ತಿಂಡಿ ಆಗಿರಲ್ಲ, ಆಗಿದ್ರೂ ಗಂಟಲಲ್ಲಿ ಇಳಿಯಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗೀರಿಗೆ ಬಸ್ ಚಾರ್ಜ್ ಉಳೀತು, ಸೀಟು ಮಾತ್ರ ಸಿಗಲಿಲ್ಲ. ನಿಂತ್ಕೊಂಡೇ ಬಂದು, ಖಾಲಿ ಹೊಟ್ಟೇಲಿ ಎರಡು ಕ್ಲಾಸ್ ಕೂತು, ವರ್ಕ್‌ಶಾಪಿನಲ್ಲಿ ತಲೆ ಸುತ್ತಿ ಕೂತುಬಿಟ್ಟವರನ್ನ ಈ ಸೆಮಿಸ್ಟರಿನಲ್ಲೇ ಎರಡು ಸಲ ನೋಡಿದೀವಿ.

ಇದಕ್ಕೆ ಈಗ ಒಂದು ಹೊಸ ಮದ್ದು ಬಂದಿದೆ. ಹೆಸರು ಎನರ್ಜಿ ಬಾಲ್. ಡೆಲಿವರಿ ಆ್ಯಪ್‌ನಲ್ಲಿ ಆರು ಉಂಡೆಯ ಡಬ್ಬಿಗೆ 240 ರೂಪಾಯಿ ಅಂತಿತ್ತು. ಒಳಗೆ ಖರ್ಜೂರ, ಓಟ್ಸ್, ಪೀನಟ್ ಬಟರ್, ಕೋಕೋ ಪೌಡರ್, ಮೇಲೆ ಒಂದಿಷ್ಟು ಚಿಯಾ. ಒಲೆ ಬೇಡ, ಬೇಯಿಸೋದು ಬೇಡ, ಸ್ವೀಟ್ ತಿಂದ ಹಾಗೇ ಇರುತ್ತೆ, ಆದ್ರೆ ಹೆಲ್ದಿ. ಹಾಸ್ಟೆಲ್ ಗ್ರೂಪಿನಲ್ಲಿ ಇದರ ಸ್ಕ್ರೀನ್‌ಶಾಟ್ ಬಂದಾಗ ಒಬ್ಬಳು ಕೆಳಗೆ ಬರೆದಳು: "ಇದು ನಮ್ಮಜ್ಜಿ ಮಾಡೋ ಉಂಡೆ ಅಲ್ವೇನೇ?" ಎಪ್ಪತ್ತು ಜನ ನಗೋ ಇಮೋಜಿ ಹಾಕಿದರು. ಅಜ್ಜಿ ಗೆದ್ದರು ಅಂತ ಎಲ್ಲರಿಗೂ ಖುಷಿ.

ಅಜ್ಜಿ ಅರ್ಧ ಗೆದ್ದಿದಾರೆ ಅಂತ ನಮ್ಮ ವಾದ. ಇನ್ನರ್ಧಕ್ಕೆ ಆಮೇಲೆ ಬರ್ತೀವಿ.

ನಾವು ಅಂದ್ರೆ ಒಂದೇ ರೂಮಿನ ಮೂರು ಜನ. ಒಬ್ಬಳು ಮಳವಳ್ಳಿ ತಾಲ್ಲೂಕು, ಒಬ್ಬಳು ಮದ್ದೂರು ಪಕ್ಕದ ಹಳ್ಳಿ, ಇನ್ನೊಬ್ಬಳು ಮಂಡ್ಯ ಟೌನ್‌ನವಳೇ, ಅಪ್ಪನಿಗೆ ಟ್ರಾನ್ಸ್‌ಫರ್ ಆದ ಮೇಲೆ ಹಾಸ್ಟೆಲ್ ಸೇರಿದಳು. ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಸೆಸಮಿ ಅಂದ್ರೆ ಎಳ್ಳು ಅಂತ ನಮ್ಮಲ್ಲೊಬ್ಬಳಿಗೆ ಗೊತ್ತಾಗಿದ್ದು ಬರ್ಗರ್ ಬನ್ನಿನ ಮೇಲೆ ನೋಡಿದಾಗ. ಹಾಗಾಗಿ ಈ ವಿಷಯದಲ್ಲಿ ನಾವು ಪಂಡಿತರೇನೂ ಅಲ್ಲ. ಮಾಡಿ ನೋಡಿದೀವಿ, ತೂಕ ಹಾಕಿದೀವಿ, ಲೆಕ್ಕ ಬರೆದಿದೀವಿ, ಅಷ್ಟೆ.

ಮೊದಲು ಅಜ್ಜಿ ಗೆದ್ದ ಅರ್ಧ. ಬೇಯಿಸದೆ, ಪಾಕ ಹಿಡಿಯದೆ, ಕಾಳಿನ ಎಣ್ಣೆಯಲ್ಲೇ ಅಂಟಿಕೊಳ್ಳೋ ಉಂಡೆ ನಮ್ಮಲ್ಲಿ ಇದೆ. ನಾಗರ ಚೌತಿಗೆ ಮಾಡೋ ಚಿಗಳಿ ಅಂದ್ರೆ ಅದೇ: ಎಳ್ಳು, ಬೆಲ್ಲ, ಸೇರಿಸಿ ಕುಟ್ಟೋದು, ಕಟ್ಟೋದು. ಅದರ ಪಕ್ಕದಲ್ಲೇ ತಂಬಿಟ್ಟು. ಹುರಿ ತಂಬಿಟ್ಟಿಗೆ ಹುರಿದ ಅಕ್ಕಿ, ಹುರಿಗಡಲೆ ಹಿಟ್ಟು. ಹಸಿ ತಂಬಿಟ್ಟಿಗೆ ನೆನೆಸಿ ಕುಟ್ಟಿದ ಅಕ್ಕಿ. ಮಂಡ್ಯದ ಹಳ್ಳಿಗಳಲ್ಲಿ ಮಾರಮ್ಮನ ಹಬ್ಬಕ್ಕೆ ಹೆಂಗಸರು ತಲೆ ಮೇಲೆ ಹೊತ್ಕೊಂಡು ಹೋಗೋ ತಂಬಿಟ್ಟಿನ ಆರತಿಯನ್ನ ನಮ್ಮಲ್ಲಿ ಅರ್ಧ ಜನ ನೋಡಿರ್ತೀರ. ಅದೇ ಹಿಟ್ಟಿನಲ್ಲಿ ದೀಪದ ಬಟ್ಟಲು ಮಾಡಿ, ತುಪ್ಪದ ಬತ್ತಿ ಹಚ್ಚಿ, ಪೂಜೆ ಆದ ಮೇಲೆ ಮುರಿದು ಹಂಚೋದು. ಉತ್ತರ ಕರ್ನಾಟಕದವರಿಗಂತೂ ಪಂಚಮಿ ಅಂದ್ರೇನೇ ಉಂಡಿ ಹಬ್ಬ. ನಮ್ಮ ಫ್ಲೋರಿನ ಬಾಗಲಕೋಟೆ ಹುಡುಗಿ ತರೋ ಶೇಂಗಾ ಉಂಡಿ ಡಬ್ಬಿ ಸಂಜೆ ತನಕ ಉಳಿದ ದಾಖಲೆ ಇಲ್ಲ.

ಇದೆಲ್ಲದಕ್ಕಿಂತ ನಮಗೆ ಹೊಳೆದ ಸುಲಭದ ವಿಷಯ ಅಂದ್ರೆ ಸಂಕ್ರಾಂತಿ. ಎಳ್ಳುಬೆಲ್ಲದಲ್ಲಿ ಏನಿರುತ್ತೆ? ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಜನವರಿಯಲ್ಲಿ ಮನೆಯಿಂದ ಹಿಂದಿರುಗುವಾಗ ಎಲ್ಲರ ಬ್ಯಾಗಲ್ಲೂ ನಾಲ್ಕೈದು ಪೊಟ್ಟಣ ಇರುತ್ತೆ, ಫೆಬ್ರವರಿ ಹೊತ್ತಿಗೆ ಬೆಲ್ಲದ ಚೂರು ಮಾತ್ರ ಆರಿಸಿ ತಿಂದು ಉಳಿದದ್ದನ್ನ ಇರುವೆಗೆ ಬಿಟ್ಟಿರ್ತೀವಿ. ಆ ಪೊಟ್ಟಣವನ್ನ ಹಾಗೇ ಮಿಕ್ಸಿಗೆ ಹಾಕಿ ನಾಲ್ಕು ಸುತ್ತು ತಿರುಗಿಸಿ ಉಂಡೆ ಕಟ್ಟಿದ್ರೆ 240 ರೂಪಾಯಿ ಡಬ್ಬಿಯ ಸಾಮಾನು ರೆಡಿ. ನಾವು ಮೊದಲು ಮಾಡಿದ್ದು ಹಾಗೇನೇ.

ಇನ್ನು ಅಜ್ಜಿ ಸೋತ ಅರ್ಧ. "ಬೆಲ್ಲ ಹಾಕಿರೋದು ಕಣವ್ವ, ಸಕ್ಕರೆ ಅಲ್ಲ, ಎಷ್ಟು ಬೇಕಾದ್ರೂ ತಿನ್ನು" ಅಂತಾರಲ್ಲ, ಅದು. ಮಂಡ್ಯದಲ್ಲಿ ನಿಂತು ಬೆಲ್ಲನೂ ಸಕ್ಕರೇನೇ ಅಂತ ಹೇಳೋಕೆ ಸ್ವಲ್ಪ ಧೈರ್ಯ ಬೇಕು. ಈ ಊರು ಬೆಳೆದಿದ್ದೇ ಕಬ್ಬಿನ ಮೇಲೆ. ಕನ್ನಂಬಾಡಿ ಕಟ್ಟಿ, ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದ ಮೇಲೆ ರಾಗಿ ಬೆಳೀತಿದ್ದ ಒಣ ಹೊಲಗಳು ಕಬ್ಬಿನ ಗದ್ದೆ ಆದವು, 1933ರಲ್ಲಿ ಮೈಷುಗರ್ ಶುರುವಾಯ್ತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯ್ತು. ಇವತ್ತಿಗೂ ಸೀಸನ್‌ನಲ್ಲಿ ಯಾವ ಹಳ್ಳಿ ರಸ್ತೇಲಿ ಹೋದ್ರೂ ಆಲೆಮನೆ ಹೊಗೆ, ಕೊಪ್ಪರಿಗೆಯಲ್ಲಿ ಕುದಿಯೋ ಹಾಲಿನ ವಾಸನೆ. ಆದ್ರೂ ಕೆಮಿಸ್ಟ್ರಿ ಊರು ನೋಡಲ್ಲ. ನೂರು ಗ್ರಾಂ ಸಕ್ಕರೇಲಿ 400 ಕ್ಯಾಲೊರಿ, ನೂರು ಗ್ರಾಂ ಬೆಲ್ಲದಲ್ಲಿ 380ರ ಆಸುಪಾಸು. ಬೆಲ್ಲದ ಬಹುಪಾಲು ಸುಕ್ರೋಸೇ. ಶುಗರ್ ಇರೋ ತಾತನಿಗೆ ಸಕ್ಕರೆ ಬೇಡ ಅಂತ ಬೆಲ್ಲದ ಕಾಫಿ ಕೊಡೋ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

"ಬೆಲ್ಲದಲ್ಲಿ ಕಬ್ಬಿಣ ಇರುತ್ತಲ್ಲ" ಅಂತೀರಿ. ಇರುತ್ತೆ. ಎಷ್ಟು? ಧಾರಾಳವಾಗಿ ಲೆಕ್ಕ ಹಾಕಿ ನೂರು ಗ್ರಾಮಿಗೆ ಹತ್ತು ಮಿಲಿಗ್ರಾಂ ಅಂದ್ಕೊಂಡ್ರೂ, ಒಂದು ಉಂಡೆಯ ಐದು ಗ್ರಾಂ ಬೆಲ್ಲದಲ್ಲಿ ಬರೋದು ಅರ್ಧ ಮಿಲಿಗ್ರಾಂ. ಐಸಿಎಂಆರ್ 2020ರ ಲೆಕ್ಕದಲ್ಲಿ ನಮ್ಮ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ತಲೆ ಸುತ್ತಿ ಕೂತವಳಿಗೆ ಉಂಡೆ ಕೊಟ್ಟು ಕಳಿಸೋದು ಒಳ್ಳೇದೇ, ಆದರೆ ಅವಳು ಹಿಮೋಗ್ಲೋಬಿನ್ ಚೆಕ್ ಮಾಡಿಸಿ ಡಾಕ್ಟರ್ ಹೇಳಿದ ಮಾತ್ರೆ ತಗೋಬೇಕು. ಆ ಜಾಗಕ್ಕೆ ಬೆಲ್ಲ ಬರಲ್ಲ. (ಅಂದ ಹಾಗೆ ಉಂಡೆ ಜೊತೆಗೇ ಟೀ ಕುಡೀಬೇಡಿ. ಕಾಳಿನಲ್ಲಿರೋ ಅಷ್ಟಿಷ್ಟು ಕಬ್ಬಿಣ ಮೈಗೆ ಹತ್ತೋದನ್ನ ಟೀ ತಡೆಯುತ್ತೆ. ನಿಂಬೆಹಣ್ಣಿನ ಶರಬತ್ತು, ನೆಲ್ಲಿಕಾಯಿ ಆದ್ರೆ ಸಹಾಯ ಮಾಡುತ್ತೆ.)

ಅತ್ತ ಡಬ್ಬಿಯವರದೂ ಇದೇ ಆಟ. ನೋ ಆ್ಯಡೆಡ್ ಶುಗರ್ ಅಂತ ದೊಡ್ಡದಾಗಿ ಬರೆದಿರ್ತಾರೆ. ಸುಳ್ಳಲ್ಲ, ಸಕ್ಕರೆ ಸೇರಿಸಿಲ್ಲ. ಖರ್ಜೂರದ ತೂಕದಲ್ಲಿ ಮೂರನೇ ಎರಡು ಭಾಗದಷ್ಟು ಅದರದೇ ಸಕ್ಕರೆ ಇರುತ್ತೆ ಅನ್ನೋದನ್ನ ಅಷ್ಟು ದೊಡ್ಡದಾಗಿ ಬರೆದಿರಲ್ಲ. ಖರ್ಜೂರದಲ್ಲಿ ನಾರು ಇದೆ, ಅದು ನಿಜವಾದ ಲಾಭ, ಒಪ್ಪೋಣ. ಆದರೆ ಸ್ವೀಟ್ ತರ ಇದೆ ಆದ್ರೂ ಸ್ವೀಟ್ ಅಲ್ಲ ಅನ್ನೋ ಮಾತು ಆಲೆಮನೇಲಿ ಹುಟ್ಟಿದ್ರೂ ಅಷ್ಟೆ, ಆ್ಯಪ್‌ನಲ್ಲಿ ಹುಟ್ಟಿದ್ರೂ ಅಷ್ಟೆ.

ಹಾಗಾದ್ರೆ ಉಂಡೆ ಯಾಕೆ ತಿನ್ನಬೇಕು? ನಮ್ಮ ಪ್ರಕಾರ ಉಂಡೆ ಒಳ್ಳೇದಾಗೋದು ಬೆಲ್ಲದಿಂದ ಅಲ್ಲ, ಅದರಲ್ಲಿ ಬೆಲ್ಲ ಬಿಟ್ಟು ಇನ್ನೇನಿದೆ ಅನ್ನೋದರಿಂದ. ನಾವು ಕಡೆಗೆ ನಿಲ್ಲಿಸಿದ ಅಳತೆ ಹೀಗಿದೆ: ಹುರಿದ ಕಡಲೆಕಾಯಿ ಬೀಜ 200 ಗ್ರಾಂ, ಎಳ್ಳು 100, ಹುರಿಗಡಲೆ 100, ಕೊಬ್ಬರಿ 50, ಬೆಲ್ಲ 150. ಒಟ್ಟು 600 ಗ್ರಾಂ. ಇಪ್ಪತ್ತು ಗ್ರಾಮಿನ 30 ಉಂಡೆ ಬರುತ್ತೆ. ಒಂದರಲ್ಲಿ ಸುಮಾರು 100 ಕ್ಯಾಲೊರಿ, 3 ಗ್ರಾಂ ಪ್ರೋಟೀನ್, 5 ಗ್ರಾಂ ಬೆಲ್ಲ. ಅಂದ್ರೆ ಬೆಲ್ಲ ಕಾಲು ಭಾಗ. ಹಬ್ಬದ ತಂಬಿಟ್ಟಿನಲ್ಲಿ ಎಷ್ಟೋ ಮನೆಗಳಲ್ಲಿ ಹಿಟ್ಟಿಗೆ ಸರಿಸಮ ಬೆಲ್ಲ ಬೀಳುತ್ತೆ. ಅದು ವರ್ಷಕ್ಕೊಂದು ಸಲ ಮಾರಮ್ಮನಿಗೆ ಸರಿ, ದಿನಾ ಥರ್ಡ್ ಪೀರಿಯಡ್‌ಗೆ ಸರಿ ಅಲ್ಲ.

ಈಗ ಕ್ರೀಮ್ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಸಾಮಾನ್ಯವಾಗಿ ನೂರು ಗ್ರಾಮಿಗೆ ಸಕ್ಕರೆ ಮೂವತ್ತು ಗ್ರಾಂ ದಾಟಿರುತ್ತೆ. ನಮ್ಮ ಉಂಡೇಲಿ ಇಪ್ಪತ್ತೈದು. ಅಂತರ ಏನು ಮಹಾ ಅನ್ಸುತ್ತೆ ಅಲ್ವಾ? ಅಂತರ ಇರೋದು ಉಳಿದದ್ದರಲ್ಲಿ. ಅಲ್ಲಿ ಮೈದಾ, ತಾಳೆ ಎಣ್ಣೆ. ಇಲ್ಲಿ ಕಾಳು, ಬೀಜ. ಬಿಸ್ಕತ್ತು ತಿಂದ ಅರ್ಧ ಗಂಟೆಗೆ ಇನ್ನೊಂದು ಪ್ಯಾಕೆಟ್ ಬೇಕು ಅನ್ಸುತ್ತೆ, ಉಂಡೆ ಎರಡು ತಿಂದ್ರೆ ಊಟದ ಬೆಲ್ ತನಕ ಹೊಟ್ಟೆ ಸುಮ್ಮನಿರುತ್ತೆ. ಎರಡಕ್ಕಿಂತ ಹೆಚ್ಚು ಬೇಡ. ಹೊರಗಿಂದ ಸೇರಿಸಿದ ಸಕ್ಕರೆ ದಿನದ ಕ್ಯಾಲೊರಿಯಲ್ಲಿ ಶೇ. 10ರ ಒಳಗಿರಬೇಕು, ಶೇ. 5 ಆದ್ರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎರಡು ಸಾವಿರ ಕ್ಯಾಲೊರಿ ತಿನ್ನೋರಿಗೆ ಶೇ. 5 ಅಂದ್ರೆ 25 ಗ್ರಾಂ. ಎರಡು ಉಂಡೇಲಿ ಹತ್ತು ಗ್ರಾಂ ಹೋಯ್ತು. ಉಳಿದದ್ದನ್ನ ನಮ್ಮ ಕ್ಯಾಂಟೀನಿನ ಒಂದೂವರೆ ಟೀ ನುಂಗಿಬಿಡುತ್ತೆ.

ಕಾಲು ಭಾಗ ಬೆಲ್ಲದಲ್ಲಿ ಸ್ವೀಟ್ ತರ ಇರುತ್ತಾ ಅಂತ ಕೇಳೋರಿಗೆ: ಇರುತ್ತೆ, ಆದ್ರೆ ಸೋಮಾರಿತನ ಮಾಡಬಾರದು. ರುಚಿ ಎಲ್ಲ ಹುರಿಯೋದ್ರಲ್ಲಿದೆ. ಕಡಲೆಕಾಯಿ ಬೀಜವನ್ನ ಸಣ್ಣ ಉರಿಯಲ್ಲಿ ಸಿಪ್ಪೆ ಬಿಡೋ ತನಕ, ಎಳ್ಳನ್ನ ಚಟಪಟ ಅನ್ನೋ ತನಕ ಹುರೀರಿ. ಘಮ್ ಅನ್ನುತ್ತಲ್ಲ, ಅದಕ್ಕೆ ಮೇಲ್ಯಾರ್ಡ್ ರಿಯಾಕ್ಷನ್ ಅಂತಾರೆ, ಅಂಕಕ್ಕೆ ಬರದಿದ್ರೂ ಬಾಯಿಗೆ ಬರುತ್ತೆ. ಮುದುಡಿದ, ಕಪ್ಪಾದ ಬೀಜಗಳನ್ನ ಮೊದಲೇ ಆರಿಸಿ ಬಿಸಾಕಿ, ಬೂಷ್ಟು ಹಿಡಿದಿದ್ರೆ ಹುರಿದ್ರೂ ವಿಷ ಹೋಗಲ್ಲ. ಆಮೇಲೆ ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಉಪ್ಪು ಮರೀಬೇಡಿ, ಅದು ಇಲ್ಲದಿದ್ರೆ ಇದೇ ಬೆಲ್ಲ ಸಪ್ಪೆ ಅನ್ಸುತ್ತೆ. ಕೋಕೋ ಪೌಡರ್ ಒಂದು ಚಮಚ ಹಾಕಿದ್ರೆ ಚಾಕೊಲೇಟ್ ತರಾನೇ ಆಗುತ್ತೆ. ಸಂಪ್ರದಾಯ ಕೆಟ್ಟೋಯ್ತು ಅಂತ ಯಾರೂ ಅಳಬೇಕಾಗಿಲ್ಲ. ಕಡಲೆಕಾಯಿಯೂ ಒಂದು ಕಾಲದಲ್ಲಿ ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದಿದ್ದೇ.

ಮಿಕ್ಸಿಯನ್ನ ಒಂದೇ ಸಮ ಓಡಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ತುಂಬಾ ಹೊತ್ತು ಓಡಿಸಿದ್ರೆ ಎಣ್ಣೆ ಬಿಟ್ಟು ಪೇಸ್ಟ್ ಆಗುತ್ತೆ, ಕಮ್ಮಿ ಆದ್ರೆ ಉಂಡೆ ನಿಲ್ಲಲ್ಲ. ಕೈಯಲ್ಲಿ ಹಿಡಿದು ಅದುಮಿದಾಗ ಮುದ್ದೆ ಆಗಿ ನಿಲ್ಲಬೇಕು, ಆ ಹದ. ತುರಿದ ಬೆಲ್ಲ ಕೊನೇಲಿ, ಪುಡಿ ಇನ್ನೂ ಬೆಚ್ಚಗಿರುವಾಗ. ಉದುರಿದ್ರೆ ಒಂದು ಚಮಚ ತುಪ್ಪ ಹಾಕಿ, ಹಾಲು ನೀರು ಮಾತ್ರ ಮುಟ್ಟಿಸಬೇಡಿ. ನೀರು ಸೇರದಿದ್ರೆ ಒಣ ಡಬ್ಬೀಲಿ ಎರಡು ವಾರ ಇರುತ್ತೆ, ರೂಮ್‌ಮೇಟ್ಸ್ ಬಿಟ್ಟರೆ. ಹಾಸ್ಟೆಲ್‌ನಲ್ಲಿ ಇಂಡಕ್ಷನ್ ಸ್ಟೋವ್ ಇಟ್ರೆ ಫೈನ್, ಅದಕ್ಕೇ ವೀಕೆಂಡ್ ಮನೇಲಿ ಹುರಿದು ಪುಡಿ ಮಾಡಿ ತಂದುಬಿಡೋದು. ಇಲ್ಲಿ ಬೆಲ್ಲ ತುರಿದು ಸೇರಿಸಿ, ತುಪ್ಪ ಹಾಕಿ ಕಟ್ಟಿದ್ರೆ ಆಯ್ತು. ಕಡಲೆಕಾಯಿ ಅಲರ್ಜಿ ಇರೋರು ಅದರ ಬದಲು ರಾಗಿ ಹುರಿಹಿಟ್ಟು ಹಾಕಿ, ತುಪ್ಪ ಸ್ವಲ್ಪ ಜಾಸ್ತಿ ಬೇಕಾಗುತ್ತೆ. ರಾಗೀಲಿ ನೂರು ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ, ಹಾಲಿಗಿಂತ ಎರಡು ಪಟ್ಟು ಮೇಲೆ. ಅದೇ ರಾಗಿಯನ್ನ ಆಫ್ರಿಕಾದ ತಳಿ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ಟ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಇಲ್ಲೇ ವಿ.ಸಿ. ಫಾರ್ಮಿನಲ್ಲಿ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು?

ಪಾಕ ಹಿಡಿಯೋ ಉಂಡೆ ಬಗ್ಗೆ ಒಂದೇ ಮಾತು. ಕುದಿಯೋ ಬೆಲ್ಲವನ್ನ ಬಟ್ಟಲ ನೀರಿಗೆ ಒಂದು ಹನಿ ಬಿಟ್ಟು, ಅದು ಮೆತ್ತಗೆ ಉಂಡೆ ಆಯ್ತಾ ಅಂತ ಅಮ್ಮಂದಿರು ಬೆರಳಲ್ಲಿ ನೋಡ್ತಾರಲ್ಲ, ಆ ಹೊತ್ತಿಗೆ ಪಾಕ 112ರಿಂದ 116 ಡಿಗ್ರಿ ಸೆಲ್ಸಿಯಸ್ ಒಳಗಿರುತ್ತೆ. ನೀರು ಕಮ್ಮಿ ಆದಷ್ಟೂ ಕುದಿಬಿಂದು ಏರುತ್ತೆ. ಥರ್ಮಾಮೀಟರ್ ಇಲ್ಲದೆ ಸಾಂದ್ರತೆ ಅಳೆಯೋ ಲ್ಯಾಬ್ ಅದು.

ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಮಂಡ್ಯ ಎಪಿಎಂಸಿಯಲ್ಲಿ ಅಚ್ಚು, ಬಕೆಟ್, ಕುರಿಕಾಲಚ್ಚು ಅಂತ ಬಗೆಬಗೆಯ ಬೆಲ್ಲ ಬರುತ್ತೆ. ಹಳದಿ ಬಣ್ಣದ್ದು ಚೆಂದ ಕಾಣುತ್ತೆ ಅಂತ ಹೊರಗಿನ ಗಿರಾಕಿ ಅದನ್ನೇ ಕೇಳ್ತಾರೆ, ಅದಕ್ಕೇ ಕೆಲವು ಕಡೆ ಹೈಡ್ರೋಸ್ ಪುಡಿ ಬೀಳುತ್ತೆ, ಕೆಲವು ಕಡೆ ಸಕ್ಕರೇನೇ ಬೆರೆಸಿ ಬೆಲ್ಲ ಮಾಡೋದೂ ಉಂಟು. ಹೈಡ್ರೋಸ್‌ನಿಂದ ಉಳಿಯೋ ಸಲ್ಫೈಟ್ ಅಸ್ತಮಾ ಇರೋರಿಗೆ ತೊಂದರೆ ಕೊಡಬಹುದು. ರೈತರನ್ನ ಮಾತ್ರ ಬೈದು ಪ್ರಯೋಜನ ಇಲ್ಲ. ಕಂದು ಬೆಲ್ಲ ತಂದ್ರೆ "ಕೊಳಕು" ಅಂತ ರೇಟು ಇಳಿಸೋರು ನಾವೇ ತಾನೆ, ಕೊಳ್ಳೋರು. ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದ ಕಂದು ಬೆಲ್ಲ ಮಳೆಗಾಲದಲ್ಲಿ ಬೆವರುತ್ತೆ, ಉಂಡೆಗೆ ಅದೇ ಚೆನ್ನಾಗಿ ಹತ್ತೋದು.

ಈಗ ದುಡ್ಡಿನ ಲೆಕ್ಕ. ನಾವು ಸಾಮಾನು ತಂದ ದಿನ 600 ಗ್ರಾಮಿಗೆ ಬಿದ್ದದ್ದು 90 ರೂಪಾಯಿ. ಒಂದು ಉಂಡೆಗೆ ಮೂರು. ಆ್ಯಪಿನ ಉಂಡೆಗೆ ನಲವತ್ತು. ಇಲ್ಲಿಗೆ ನಿಲ್ಲಿಸಿದ್ರೆ ಗ್ರೂಪಿನಲ್ಲಿ ಇನ್ನೊಂದು ಸಲ ಎಪ್ಪತ್ತು ಇಮೋಜಿ ಬರ್ತಿತ್ತು. ಆದ್ರೆ ಮೂರು ರೂಪಾಯಿಯಲ್ಲಿ ಹುರಿದ ಗ್ಯಾಸ್ ಇಲ್ಲ, ಎರಡು ಗಂಟೆಯ ಕೆಲಸ ಇಲ್ಲ. ಮನೇಲಿ ಮಾಡಿದ್ದು ಅಗ್ಗ ಅಂತ ನಾವು ಹೇಳೋದು ಅಜ್ಜಿಗೆ, ಅಮ್ಮನಿಗೆ ಯಾರೂ ಕೂಲಿ ಕೊಡಲ್ಲ ಅನ್ನೋ ಧೈರ್ಯದ ಮೇಲೆ. ಹುಡುಗರೂ ಸೇರಿ "ಅಮ್ಮ ಮಾಡ್ಕೊಡ್ತಾಳೆ" ಅನ್ನೋದನ್ನ ಬಿಟ್ಟು ಒಂದು ಭಾನುವಾರ ಕೈ ಹಾಕಿ ನೋಡಿ. ಮೂವತ್ತನೇ ಉಂಡೆ ಹೊತ್ತಿಗೆ ಅಂಗೈ ನೋಯುತ್ತೆ.

ಅದಕ್ಕೇ ನಮ್ಮ ಬೇಡಿಕೆ ಕ್ಯಾಂಟೀನಿಗೆ. ಎಲ್ಲರೂ ಮನೇಲಿ ಮಾಡ್ಕೊಂಡು ಬರಲಿ ಅನ್ನೋದು ಭಾಷಣ ಆಯ್ತು, ಆರೂವರೆ ಬಸ್ಸಿನವಳಿಗೆ ಅದು ಆಗಲ್ಲ. ಮದ್ದೂರು ವಡೆ ನೋಡಿ. ಅದಕ್ಕೊಂದು ರೈಲ್ವೆ ಸ್ಟೇಷನ್ ಸಿಕ್ಕಿತು, ಬೆಂಗಳೂರು ಮೈಸೂರು ಓಡಾಡೋ ಜನ ಕಿಟಕಿಯಲ್ಲೇ ಕೊಂಡು ತಿಂದು ಅದನ್ನ ದೊಡ್ಡದು ಮಾಡಿದರು. ತಂಬಿಟ್ಟಿಗೆ ಸಿಕ್ಕಿದ್ದು ಹಬ್ಬದ ತಟ್ಟೆ ಮಾತ್ರ. ಮಾರೋ ಜಾಗ ಸಿಗದೇ ಇರೋ ತಿಂಡಿ ನೆನಪಾಗಿ ಹೋಗುತ್ತೆ. ನಮ್ಮ ಕ್ಯಾಂಟೀನ್ ಕೌಂಟರಿನಲ್ಲಿ ಬಿಸ್ಕತ್ತಿನ ಪಕ್ಕ ಒಂದು ಗಾಜಿನ ಭರಣಿ ಇಡೋಕೆ ಒಂದಡಿ ಜಾಗ ಸಾಕು. ಸುತ್ತಮುತ್ತಲ ಹಳ್ಳಿಗಳ ಸ್ತ್ರೀಶಕ್ತಿ ಸಂಘದವರಿಂದ ತರಿಸಲಿ. ಎಂಟು ರೂಪಾಯಿ ಇಡಲಿ, ಅದರಲ್ಲಿ ಮಾಡಿದವರ ಕೂಲಿ ಇರಲಿ. ಭರಣಿ ಮೇಲೆ ಮೂರು ವಿಷಯ ಬರೆದಿರಬೇಕು: ಒಂದು ಉಂಡೆ ತೂಕ, ಅದರಲ್ಲಿ ಬೆಲ್ಲ ಎಷ್ಟು, ಮಾಡಿದ ತಾರೀಖು. ಹೆಲ್ದಿ ಅನ್ನೋ ಪದ ಬರೆಯೋ ಹಾಗಿಲ್ಲ.

ಇದಕ್ಕೆ ಬರೋ ಮಾತು ನಮಗೆ ಗೊತ್ತು. "ಮನೆ ತಿಂಡಿಗೆ ಲೈಸೆನ್ಸ್ ಎಲ್ಲಿದೆ?" ನ್ಯಾಯವಾದ ಪ್ರಶ್ನೆ. ಸಣ್ಣ ಪ್ರಮಾಣದಲ್ಲಿ ಮಾಡೋರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನೋಂದಣಿ ಇರೋ ಸಂಘವನ್ನೇ ಹುಡುಕೋಣ, ಇಲ್ಲದವರಿಗೆ ಫಾರ್ಮ್ ತುಂಬಿಕೊಡೋಣ, ಇಂಜಿನಿಯರಿಂಗ್ ಓದಿ ಅಷ್ಟೂ ಮಾಡಕ್ಕಾಗಲ್ವಾ? "ಯಾರೂ ಕೊಳ್ಳಲ್ಲ" ಅನ್ನೋರಿಗೆ: ಎರಡು ವಾರ ಇಟ್ಟು ನೋಡಿ, ಹೋಗದಿದ್ರೆ ಭರಣಿ ತೆಗೀರಿ. ಬಿಸ್ಕತ್ತು ನಿಲ್ಲಿಸಿ ಅಂತ ನಾವು ಕೇಳ್ತಿಲ್ಲ. ನಾವೂ ತಿಂತೀವಿ.

ಮೆಸ್ ಕಮಿಟಿಗೆ ಕೊಡೋ ಅರ್ಜಿ ಬರೆದಾಗಿದೆ, ಕನ್ನಡದಲ್ಲೇ. ಸದ್ಯಕ್ಕೆ ನಲವತ್ತೊಂದು ಸಹಿ ಆಗಿದೆ, ನೂರು ಆದ ಮೇಲೆ ಕೊಡ್ತೀವಿ. ಶುಕ್ರವಾರ ಸಂಜೆ ತನಕ ಅದು ಕನ್ನಡ ಸಂಘದ ಟೇಬಲ್ ಮೇಲಿರುತ್ತೆ, ಪಕ್ಕದಲ್ಲಿ ಉಂಡೆ ಡಬ್ಬಿನೂ ಇರುತ್ತೆ. ಸಹಿ ಹಾಕದೇ ಇದ್ರೂ ಒಂದು ತಗೊಳ್ಳಿ. ಎರಡು ಬೇಡ, ಎಣಿಸಿ ಇಟ್ಟಿದೀವಿ.